ಗಡಿಯೂರಿನ ರೋಗಿ ಯಾರ ಹೊಣೆ?

(ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)

ಈ ಸಭೆಗೆ ಮಂಡೆಕೋಲು, ಆಲೆಟ್ಟಿಯಿಂದ ಬಂದವರಿದ್ದೀರಿ, ಸಂಪಾಜೆಯವರಿದ್ದೀರಿ, ಪಾಣಾಜೆ, ಈಶ್ವರಮಂಗಲದವರಿದ್ದೀರಿ, ಸುಬ್ರಹ್ಮಣ್ಯ, ಶಿರಾಡಿ ಕಡೆಯವರೂ ಇದ್ದೀರಿ. ಒಬ್ಬೊಬ್ಬರ ಊರಿನ ಕಷ್ಟ ಒಂದೊಂದು ಬಗೆಯದು. ಆದರೆ ನಕ್ಷೆ ಬಿಡಿಸಿ ನೋಡಿದರೆ ಈ ಊರುಗಳಿಗೆಲ್ಲ ಸಮಾನವಾದ ಒಂದು ಸಂಗತಿ ಕಾಣುತ್ತದೆ. ಇವೆಲ್ಲ ಅಂಚಿನ ಊರುಗಳು. ಒಂದು ತಾಲೂಕು ಮುಗಿದು ಇನ್ನೊಂದು ತೊಡಗುವಲ್ಲಿ, ಒಂದು ಜಿಲ್ಲೆ ಮುಗಿದು ಇನ್ನೊಂದು ತೊಡಗುವಲ್ಲಿ, ಒಂದು ರಾಜ್ಯ ಮುಗಿದು ಇನ್ನೊಂದು ತೊಡಗುವಲ್ಲಿ ಇರುವಂಥವು. ಇಂಥ ಊರಿನಲ್ಲಿ ಒಬ್ಬ ಕಾಯಿಲೆ ಬಿದ್ದರೆ ಅವನ ಹೊಣೆ ಯಾರದು? ಇಂದು ನಾನು ಮಾತನಾಡಬೇಕೆಂದಿರುವುದು ಈ ಒಂದೇ ಪ್ರಶ್ನೆಯ ಮೇಲೆ.

ಗಡಿ ಎಂದ ಕೂಡಲೇ ನಮಗೆ ಭಾಷೆಯ ಪ್ರಶ್ನೆ ನೆನಪಾಗುತ್ತದೆ. ಕಾಸರಗೋಡು ಯಾರಿಗೆ ಸೇರಬೇಕು, ಮಹಾಜನ ಆಯೋಗ 1967ರಲ್ಲಿ ಏನು ಹೇಳಿತು ಎಂಬ ಚರ್ಚೆ ಎರಡು ತಲೆಮಾರುಗಳಿಂದ ನಡೆದುಬಂದಿದೆ. ಆ ಚರ್ಚೆ ಮುಖ್ಯವಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅದು ಎಂದು ಇತ್ಯರ್ಥವಾದರೂ ಆಗಲಿ, ಇವತ್ತು ರಾತ್ರಿ ಹಾವು ಕಚ್ಚಿದವನಿಗೆ ಇವತ್ತು ರಾತ್ರಿಯೇ ಮದ್ದು ಬೇಕು. ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ಒಂದು ಪ್ರಶ್ನೆ. ಗೆರೆ ಎಲ್ಲೇ ಇರಲಿ, ಅದರ ಪಕ್ಕದಲ್ಲಿ ಬದುಕುವವನ ಜೀವಕ್ಕೆ ಅದು ಅಡ್ಡ ಬರಬಾರದೆಂಬುದು ಇನ್ನೊಂದು ಪ್ರಶ್ನೆ. ಎರಡನೆಯದಕ್ಕೆ ಯಾವ ಆಯೋಗವೂ ಬೇಕಾಗಿಲ್ಲ.

ಗೆರೆಗಳು ಹೇಗೆ ಬಂದುವೆಂಬುದನ್ನು ಮೊದಲು ಸ್ವಲ್ಪ ನೋಡೋಣ. ನಾನು ಶಾಲೆಯಲ್ಲಿದ್ದಾಗ ಮಕ್ಕಳಿಗೆ ಜಿಲ್ಲೆಯ ನಕ್ಷೆ ಬಿಡಿಸಲು ಕಲಿಸುತ್ತಿದ್ದೆ. ಹೊಳೆಗೆ ನೀಲಿ, ಗುಡ್ಡಕ್ಕೆ ಕಂದು, ಗಡಿಗೆ ಕಪ್ಪು. ಹೊಳೆ ಗುಡ್ಡಗಳು ಅಲ್ಲೇ ಇರುತ್ತವೆ, ಕಪ್ಪು ಗೆರೆ ಮಾತ್ರ ಆಗಾಗ ಬದಲಾಗುತ್ತದೆಂದು ಮಕ್ಕಳಿಗೆ ಹೇಳಬೇಕಾಗುತ್ತಿತ್ತು. 1834ರಲ್ಲಿ ಇಂಗ್ಲಿಷರು ಕೊಡಗನ್ನು ವಶಪಡಿಸಿಕೊಂಡಾಗ, ಅದುವರೆಗೆ ಕೊಡಗಿನ ಅರಸರ ಕೈಯಲ್ಲಿದ್ದ ಅಮರ ಸುಳ್ಯದ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಸಲ್ಲಿಸಬೇಕಾಗಿ ಬಂತು. 1837ರಲ್ಲಿ ಈ ನೆಲದ ರೈತರು ದಂಗೆಯೆದ್ದುದಕ್ಕೆ ಅದೂ ಒಂದು ಕಾರಣ. ಮುಂದೆ ಉಪ್ಪಿನಂಗಡಿ ತಾಲೂಕೆಂಬ ಹೆಸರಿನಲ್ಲಿ, ಆಮೇಲೆ ಪುತ್ತೂರು ತಾಲೂಕೆಂಬ ಹೆಸರಿನಲ್ಲಿ ಇಷ್ಟೂ ಊರುಗಳು ಒಂದೇ ಕಚೇರಿಯ ಕೆಳಗಿದ್ದುವು. 1960ರ ದಶಕದಲ್ಲಿ ಸುಳ್ಯ ಬೇರೆಯಾಯಿತು. 2013ರಲ್ಲಿ ಘೋಷಣೆಯಾಗಿ, ಹಲವು ವರ್ಷ ಕಾದು, ಕಡಬವೂ ತಾಲೂಕಾಯಿತು. ಈ ಗೆರೆಗಳನ್ನೆಲ್ಲ ಎಳೆದದ್ದು ಕಂದಾಯ ವಸೂಲಿಗೆ, ಪಹಣಿ ಪತ್ರಕ್ಕೆ, ಕಚೇರಿಯ ಅನುಕೂಲಕ್ಕೆ. ರೋಗಿಯ ಅನುಕೂಲ ನೋಡಿ ಎಳೆದ ಗೆರೆ ಇವುಗಳಲ್ಲಿ ಒಂದೂ ಇಲ್ಲ. ಕಂದಾಯಕ್ಕಾಗಿ ಎಳೆದ ಗೆರೆಯನ್ನೇ ಆಸ್ಪತ್ರೆಯ ಗೆರೆಯಾಗಿ ಹಿಡಿದುಕೊಂಡದ್ದು ನಮ್ಮ ಕಷ್ಟದ ಮೂಲ.

ಎಲ್ಲಕ್ಕಿಂತ ಸಣ್ಣ ಗೆರೆ ತಾಲೂಕಿನದು. ಅದರಿಂದ ತೊಡಗೋಣ.

ಕಡಬ ತಾಲೂಕಿಗೆ ನಲವತ್ತಕ್ಕೂ ಹೆಚ್ಚು ಗ್ರಾಮಗಳು ಬಂದುವು. ಹೆಚ್ಚಿನವು ಪುತ್ತೂರಿನಿಂದ, ಕೆಲವು ಸುಳ್ಯದಿಂದ. ಸುಬ್ರಹ್ಮಣ್ಯ ಸುಳ್ಯದಿಂದ ಕಡಬಕ್ಕೆ ಬಂತು. ಆದರೆ ಸುಬ್ರಹ್ಮಣ್ಯಕ್ಕೆ ತಾಗಿಕೊಂಡಂತಿರುವ ಹರಿಹರ ಪಲ್ಲತ್ತಡ್ಕ, ಕೊಲ್ಲಮೊಗ್ರು, ಕಲ್ಮಕಾರು ಸುಳ್ಯದಲ್ಲೇ ಉಳಿದುವು. ಅಲ್ಲಿಯವರ ಪೇಟೆ ಸುಬ್ರಹ್ಮಣ್ಯ, ಬಸ್ಸು ಸುಬ್ರಹ್ಮಣ್ಯಕ್ಕೆ, ಸಾಮಾನು ಸುಬ್ರಹ್ಮಣ್ಯದಿಂದ. ತಾಲೂಕು ಆಸ್ಪತ್ರೆ ಮಾತ್ರ ಸುಳ್ಯದಲ್ಲಿ. 2022ರ ಆಗಸ್ಟ್ ತಿಂಗಳ ಆರಂಭದಲ್ಲಿ ಸುರಿದ ಮಳೆಗೆ ಆ ಕಡೆಯ ಸಂಕ ಸೇತುವೆಗಳು ಕೊಚ್ಚಿಹೋದಾಗ ಯಾವ ತಾಲೂಕಿನ ಯಾವ ಕಚೇರಿಗೆ ಹೋಗುವುದೆಂದು ಯೋಚಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ದಾರಿ ಇದ್ದತ್ತ ಹೋಗುವುದು, ಅಷ್ಟೆ. ನಮ್ಮ ಮಲೆಯ ಕಡೆ ಕಾಲುಸಂಕ ದಾಟಿ ಬದುಕುವವರ ಲೆಕ್ಕಾಚಾರ ಯಾವಾಗಲೂ ಅದೇ. ಕಿಲೋಮೀಟರಿನ ಲೆಕ್ಕ ಬೇಸಗೆಗೆ ಸರಿ. ಆಟಿ ತಿಂಗಳಲ್ಲಿ ಯಾವ ಹೊಳೆ ದಾಟಬಹುದೆಂಬುದೇ ಲೆಕ್ಕ.

ಸರಕಾರದ ಲೆಕ್ಕ ಬೇರೆ. ಬಯಲುಸೀಮೆಯಲ್ಲಿ 30,000 ಜನಕ್ಕೆ, ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಿರಬೇಕೆಂದು ನಿಯಮ. ಉಪಕೇಂದ್ರವಾದರೆ 5,000 ಮತ್ತು 3,000. ಈ ಎಣಿಕೆಯ ಹಿಂದೆ ಒಳ್ಳೆಯ ಉದ್ದೇಶವಿತ್ತು. 1946ರಲ್ಲಿ ಭೋರ್ ಸಮಿತಿ ವರದಿ ಕೊಟ್ಟಾಗ, ದುಡ್ಡಿಲ್ಲವೆಂಬ ಕಾರಣಕ್ಕೆ ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದೆಂಬುದನ್ನೇ ತತ್ವವಾಗಿ ಇಟ್ಟುಕೊಂಡಿತ್ತು. ಆದರೆ ತಲೆ ಎಣಿಸುವುದು ಗಡಿಯ ಒಳಗಿನವರದ್ದು ಮಾತ್ರ. ಅಂಚಿನ ಆರೋಗ್ಯ ಕೇಂದ್ರಕ್ಕೆ ಆಚೆಯ ಗ್ರಾಮದಿಂದ ಬರುವವರನ್ನು ಮದ್ದಿನ ಹಂಚಿಕೆಯಲ್ಲಿ ಹಿಡಿಯುವುದಿಲ್ಲ, ಸಿಬ್ಬಂದಿಯ ಹಂಚಿಕೆಯಲ್ಲೂ ಹಿಡಿಯುವುದಿಲ್ಲ. ಇಪ್ಪತ್ತು ಸಾವಿರ ಜನಕ್ಕೆಂದು ಬಂದ ಮಾತ್ರೆ ಇಪ್ಪತ್ತೈದು ಸಾವಿರ ಜನಕ್ಕೆ ಹಂಚಬೇಕಾದಾಗ ತಿಂಗಳ ಕೊನೆಗೆ ಡಬ್ಬಿ ಖಾಲಿಯಾಗುತ್ತದೆ. ಆಗ ಅಲ್ಲಿಯ ನರ್ಸಮ್ಮ ಆಚೆಯವರ ಮೇಲೆ ಸಿಡುಕುತ್ತಾರೆ. ತಪ್ಪು ಅವರದ್ದಲ್ಲ, ಆಚೆಯವನದ್ದೂ ಅಲ್ಲ. ಎಣಿಕೆಯೇ ತಪ್ಪು.

ತಾಲೂಕು ಸಣ್ಣದಾದರೆ ಆಸ್ಪತ್ರೆ ಹತ್ತಿರ ಬರುತ್ತದೆಂದು ಕೆಲವರು ನಂಬಿದ್ದರು. ಕಡಬಕ್ಕೆ ತಾಲೂಕಿನ ಪಟ್ಟ ಕಟ್ಟಿದ್ದು ತಪ್ಪೆಂದು ನಾನು ಹೇಳಲಾರೆ. ಅದು ಅಲ್ಲಿಯ ಜನ ಹೋರಾಡಿ ಪಡೆದದ್ದು. ಆದರೆ ತಹಶೀಲ್ದಾರರ ಕಚೇರಿಗೆ ಬೋರ್ಡು ಹಾಕಿದಷ್ಟು ಸುಲಭದಲ್ಲಿ ಆಸ್ಪತ್ರೆ ಆಗುವುದಿಲ್ಲ. ಸಮುದಾಯ ಆರೋಗ್ಯ ಕೇಂದ್ರಕ್ಕೆ 30 ಹಾಸಿಗೆ, ತಾಲೂಕು ಆಸ್ಪತ್ರೆಗೆ 100 ಹಾಸಿಗೆಯೆಂಬುದು ಸಾಮಾನ್ಯ ಪ್ರಮಾಣ. ಹಾಸಿಗೆ ತರಬಹುದು. ಶಸ್ತ್ರವೈದ್ಯರು, ಹೆರಿಗೆಯ ವೈದ್ಯರು, ಮಕ್ಕಳ ವೈದ್ಯರು, ಅರಿವಳಿಕೆ ಕೊಡುವವರು ಎಲ್ಲಿಂದ ಬರಬೇಕು? ದೇಶದ ಗ್ರಾಮಾಂತರ ಸಮುದಾಯ ಆರೋಗ್ಯ ಕೇಂದ್ರಗಳಿಗೆ ಬೇಕಾದ ತಜ್ಞ ವೈದ್ಯರಲ್ಲಿ ನೂರಕ್ಕೆ ಸುಮಾರು 80ರಷ್ಟು ಕೊರತೆಯಿದೆಯೆಂದು ಕೇಂದ್ರ ಸರಕಾರದ 2021-22ರ ವರದಿಯೇ ಒಪ್ಪಿಕೊಂಡಿತು. ಹೀಗಿರುವಾಗ ಕಡಬದ ಕಡೆಯ ಹೆಂಗಸಿಗೆ ಹೆರಿಗೆಯಲ್ಲಿ ತೊಡಕಾದರೆ ಅವಳು ಪುತ್ತೂರಿಗೋ ಸುಳ್ಯಕ್ಕೋ ಹೋಗಲೇಬೇಕು. ಅಲ್ಲಿ ಅವಳು ಬೇರೆ ತಾಲೂಕಿನವಳೆಂಬ ಮಾತು ಏಳಬಾರದು.

ಇನ್ನು ಜಿಲ್ಲೆಯ ಗೆರೆ. ಸಂಪಾಜೆಯವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಸಂಪಾಜೆ ಎರಡಿದೆ. ಒಂದು ದಕ್ಷಿಣ ಕನ್ನಡದ ಸಂಪಾಜೆ, ಇನ್ನೊಂದು ಕೊಡಗಿನ ಸಂಪಾಜೆ. ಪೆರಾಜೆ ಸುಳ್ಯ ಪೇಟೆಗೆ ಕೂಗಳತೆಯಲ್ಲಿದೆ ಎನ್ನಬಹುದು. ಆದರೆ ಅದು ಮಡಿಕೇರಿ ತಾಲೂಕಿಗೆ ಸೇರಿದ್ದು. ಕಾಗದದ ಪ್ರಕಾರ ಪೆರಾಜೆಯವನ ಜಿಲ್ಲಾಸ್ಪತ್ರೆ ಘಾಟಿ ಹತ್ತಿ ಹೋಗಬೇಕಾದ ಮಡಿಕೇರಿಯಲ್ಲಿದೆ. ಕಾಲು ಹೇಳುವುದು ಸುಳ್ಯಕ್ಕೆ ಹೋಗೆಂದು. ಜನ ಕಾಲಿನ ಮಾತು ಕೇಳುತ್ತಾರೆ.

2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಕುಸಿಯಿತು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿ ಮುಚ್ಚಿಹೋಯಿತು. ಮನೆ ಕಳೆದುಕೊಂಡವರು ಮಳೆಯಲ್ಲೇ ಕೆಳಗೆ ಇಳಿದು ಬಂದರು. ಸಂಪಾಜೆ, ಕಲ್ಲುಗುಂಡಿ, ಅರಂತೋಡುಗಳಲ್ಲಿ ಪರಿಹಾರ ಕೇಂದ್ರಗಳನ್ನು ತೆರೆದರು. ಕೊಡಗಿನವರನ್ನು ದಕ್ಷಿಣ ಕನ್ನಡದ ಜನ ನೋಡಿಕೊಂಡರು. ಆ ದಿನ ಯಾರೂ ಪಡಿತರ ಚೀಟಿ ಕೇಳಿ ಗಂಜಿ ಬಡಿಸಲಿಲ್ಲ. ಗೆರೆ ಇತ್ತು, ಆದರೆ ಅದು ಯಾರ ಕಾಲಿಗೂ ತೊಡರಲಿಲ್ಲ. ಇದು ಸಾಧ್ಯವೆಂಬುದಕ್ಕೆ ನಮ್ಮ ಕಣ್ಣೆದುರಿನ ಸಾಕ್ಷಿ ಇದು. ಎರಡೇ ವರ್ಷದ ಒಳಗೆ ಇದಕ್ಕೆ ತೀರ ವಿರುದ್ಧವಾದದ್ದನ್ನೂ ನೋಡಬೇಕಾಯಿತು. ಅದು ರಾಜ್ಯದ ಗೆರೆಯಲ್ಲಿ.

1956ರ ನವೆಂಬರ್ 1ರ ವರೆಗೆ ಕಾಸರಗೋಡು ನಮ್ಮದೇ ಜಿಲ್ಲೆಯ ಒಂದು ತಾಲೂಕು. ಮದ್ರಾಸು ಸರಕಾರದ ಕೆಳಗೆ ಪುತ್ತೂರಿಗೂ ಕಾಸರಗೋಡಿಗೂ ಒಂದೇ ಜಿಲ್ಲಾಸ್ಪತ್ರೆ: ಮಂಗಳೂರಿನ ವೆನ್ಲಾಕ್. ಅದರ ಮೂಲ 1848ರಷ್ಟು ಹಿಂದಿನದು. ರಾಜ್ಯಗಳು ಬೇರೆಯಾದ ಮೇಲೂ ಕಾಸರಗೋಡಿನ ರೋಗಿ ಮಂಗಳೂರಿಗೆ ಬರುವುದನ್ನು ಬಿಡಲಿಲ್ಲ. ಬಿಡಲು ಕಾರಣವೂ ಇರಲಿಲ್ಲ. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು 1984ರಲ್ಲಿ. ಅಲ್ಲಿಗೆ ಸರಕಾರಿ ಮೆಡಿಕಲ್ ಕಾಲೇಜಿನ ಶಂಕುಸ್ಥಾಪನೆಯಾದದ್ದು 2013ರ ನವೆಂಬರಿನಲ್ಲಿ, ಪೆರ್ಲದ ಹತ್ತಿರದ ಉಕ್ಕಿನಡ್ಕದಲ್ಲಿ. ಅಲ್ಲಿ ಹೊರರೋಗಿಗಳನ್ನು ನೋಡಲು ತೊಡಗಿದ್ದು 2022ರಲ್ಲಿ. ನಡುವಿನ ಅಷ್ಟು ವರ್ಷ ಹೃದಯದ ಕಾಯಿಲೆಗೂ ಮೂತ್ರಪಿಂಡದ ಕಾಯಿಲೆಗೂ ಕಾಸರಗೋಡಿನ ಉತ್ತರ ಭಾಗದವರಿಗೆ ಮಂಗಳೂರೇ ಗತಿಯಾಗಿತ್ತು. ಅವರು ಹೊರಗಿನಿಂದ ನುಗ್ಗಿದವರಲ್ಲ. ಗೆರೆಗಿಂತ ಹಳೆಯ ದಾರಿಯಲ್ಲಿ ನಡೆದು ಬಂದವರು.

2020ರ ಮಾರ್ಚಿನಲ್ಲಿ ಕೋವಿಡ್ ಬಂತು. ಕಾಸರಗೋಡಿನಲ್ಲಿ ಸೋಂಕು ಹೆಚ್ಚಾಗಿತ್ತು. ಕರ್ನಾಟಕ ಸರಕಾರ ಗಡಿ ಮುಚ್ಚಿತು. ತಲಪಾಡಿಯಲ್ಲಿ ಪೊಲೀಸರು ನಿಂತರು; ಒಳರಸ್ತೆಗಳಿಗೆ ಲಾರಿಯಲ್ಲಿ ಮಣ್ಣು ತಂದು ಸುರಿದರು. ನಮ್ಮ ಪುತ್ತೂರು, ಸುಳ್ಯ ತಾಲೂಕುಗಳಿಂದ ಆಚೆಗೆ ಹೋಗುವ ದಾರಿಗಳೂ ಹಾಗೆಯೇ ಮುಚ್ಚಿದುವು. ಮಂಗಳೂರಿನ ಆಸ್ಪತ್ರೆಗೆ ಹೊರಟವರನ್ನು ತಲಪಾಡಿಯಿಂದ ವಾಪಸು ಕಳುಹಿಸಿದರು. ವಾಪಸು ಕಳುಹಿಸಲ್ಪಟ್ಟ ಒಂದು ವಲಸೆ ಕೂಲಿ ಕುಟುಂಬದ ಹೆಂಗಸು ಆಂಬುಲೆನ್ಸಿನಲ್ಲೇ ಹೆತ್ತಳು. ಮಂಗಳೂರಿನಲ್ಲಿ ಚಿಕಿತ್ಸೆ ಪಡೆಯುತ್ತಿದ್ದವರು, ಪಡೆಯಲು ಹೊರಟವರು ಹಲವರು ಗಡಿ ದಾಟಲಾಗದೆ ಸತ್ತರೆಂದು ಪತ್ರಿಕೆಗಳು ದಿನದಿನವೂ ವರದಿ ಮಾಡಿದುವು.

ಆಗ ಸರಕಾರದವರು ಕೊಟ್ಟ ಕಾರಣವನ್ನೂ ಹೇಳಬೇಕು. ತಮ್ಮ ಜನಕ್ಕೆ ಸೋಂಕು ತಗಲದಂತೆ ನೋಡಿಕೊಳ್ಳುವುದು ತಮ್ಮ ಕರ್ತವ್ಯವೆಂದು ಅವರು ವಾದಿಸಿದರು. ಕರ್ತವ್ಯ ನಿಜ. ಸೋಂಕಿದ್ದ ಊರಿನಿಂದ ಬಂದವರನ್ನು ತಪಾಸಣೆ ಮಾಡಲಿ, ಬೇರೆ ವಾರ್ಡಿನಲ್ಲಿ ಇಡಲಿ, ವೈದ್ಯರಿಗೆ ರಕ್ಷಣೆಯ ಉಡುಪು ಕೊಡಲಿ. ಇದೆಲ್ಲ ಸರಿಯಾದ ಎಚ್ಚರಿಕೆ. ರಸ್ತೆಗೆ ಮಣ್ಣು ಸುರಿಯುವುದು ಎಚ್ಚರಿಕೆಯಲ್ಲ. ಮಣ್ಣಿನ ರಾಶಿಗೆ ಕೋವಿಡ್ ಇರುವವರು ಯಾರು, ಡಯಾಲಿಸಿಸ್ ಬೇಕಾದವರು ಯಾರು ಎಂದು ಗೊತ್ತಾಗುವುದಿಲ್ಲ.

2020ರ ಏಪ್ರಿಲ್ 1ರಂದು ಕೇರಳ ಹೈಕೋರ್ಟು, ರೋಗಿಯನ್ನು ಹೀಗೆ ತಡೆಯುವುದು ಸಂವಿಧಾನ ಕೊಟ್ಟ ಜೀವದ ಹಕ್ಕಿಗೂ ಓಡಾಟದ ಹಕ್ಕಿಗೂ ವಿರುದ್ಧವೆಂದು ಹೇಳಿ, ದಾರಿ ತೆರೆಸುವಂತೆ ಕೇಂದ್ರಕ್ಕೆ ಆಜ್ಞೆ ಮಾಡಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ 7ರಂದು, ತುರ್ತು ರೋಗಿಗಳನ್ನು ತಲಪಾಡಿಯಲ್ಲಿ ಬಿಡುವ ಬಗ್ಗೆ ಎರಡೂ ರಾಜ್ಯಗಳು ಒಪ್ಪಿಕೊಂಡಿವೆಯೆಂದು ಕೇಂದ್ರ ಸರಕಾರ ಅಲ್ಲಿ ತಿಳಿಸಿತು. ಒಪ್ಪಂದವಾಯಿತು, ಒಳ್ಳೆಯದಾಯಿತು. ಆದರೆ ಅದು ಆಗಬೇಕಾದರೆ ಎರಡು ವಾರ ಹಿಡಿಯಿತು. ಆ ಎರಡು ವಾರಗಳ ಬೆಲೆಯನ್ನು ತೆತ್ತವರು ಯಾವ ಸರಕಾರದವರೂ ಅಲ್ಲ, ಯಾವ ನ್ಯಾಯಾಲಯದವರೂ ಅಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. 2021ರ ಫೆಬ್ರವರಿಯಲ್ಲಿ ಕೇರಳದಿಂದ ದಕ್ಷಿಣ ಕನ್ನಡಕ್ಕೆ ಬರಲು ತಲಪಾಡಿ, ಸಾರಡ್ಕ, ನೆಟ್ಟಣಿಗೆ ಮುಡ್ನೂರು, ಜಾಲ್ಸೂರು ಎಂಬ ನಾಲ್ಕೇ ದಾರಿಗಳನ್ನು ಇಟ್ಟು ಉಳಿದುದನ್ನು ಮುಚ್ಚಿದರು. 72 ಗಂಟೆಯೊಳಗಿನ ಪರೀಕ್ಷೆಯ ವರದಿ ಬೇಕೆಂದರು. ದೇಲಂಪಾಡಿ ಪಂಚಾಯತಿನ ಕೆಲವು ಕಡೆಯವರು ತಮ್ಮದೇ ಕಾಸರಗೋಡಿಗೆ ಹೋಗಬೇಕಾದರೂ ಕರ್ನಾಟಕದ ನೆಲ ಮುಟ್ಟಿಯೇ ಹೋಗಬೇಕು. ಅಂಥವರಿಗೆ ಇದರ ಅರ್ಥವೇನು? ಮನೆಯ ಅಂಗಳ ದಾಟಲು ರಹದಾರಿ ಬೇಕೆಂದಂತೆ.

ಸ್ನೇಹಿತರೇ, ಕೋವಿಡ್ ಹೋಯಿತು, ಮಣ್ಣು ತೆಗೆದರು, ಬಸ್ಸು ಓಡತೊಡಗಿತು. ಆದ್ದರಿಂದ ಪ್ರಶ್ನೆ ತೀರಿತೆಂದು ಭಾವಿಸಬೇಡಿ. ರಸ್ತೆಯ ಮಣ್ಣು ಎಲ್ಲರಿಗೂ ಕಾಣುತ್ತದೆ. ಕಾಗದದ ಮಣ್ಣು ಕಾಣುವುದಿಲ್ಲ. ಅದು ಪ್ರತಿದಿನವೂ ಇದೆ.

ನಮ್ಮಲ್ಲಿ ಹೆಣ್ಣು ಕೊಡುವುದು ತರುವುದು ಗಡಿ ನೋಡಿ ನಡೆಯುವುದಿಲ್ಲ. ತುಳುವರಲ್ಲಿ, ಹವ್ಯಕರಲ್ಲಿ, ಬ್ಯಾರಿಗಳಲ್ಲಿ, ಮರಾಟಿಗರಲ್ಲಿ, ಅರೆಭಾಷೆಯ ಗೌಡರಲ್ಲಿ ಹತ್ತಾರು ಮನೆಗಳಿಗೆ ಆಚೆ ರಾಜ್ಯದಲ್ಲಿ, ಆಚೆ ಜಿಲ್ಲೆಯಲ್ಲಿ ನೆಂಟಸ್ತಿಕೆಯಿದೆ. ಚೊಚ್ಚಲ ಬಾಣಂತನ ತವರಿನಲ್ಲಿ. ಜಾಲ್ಸೂರಿಗೆ ಕೊಟ್ಟ ಮಗಳು ಏಳನೆಯ ತಿಂಗಳಿಗೆ ಆದೂರಿನ ತಾಯಿ ಮನೆಗೆ ಹೋಗುತ್ತಾಳೆ. ಅವಳ ತಾಯಿ ಕಾರ್ಡು ಇಲ್ಲಿಯದು, ಚುಚ್ಚುಮದ್ದಿನ ದಾಖಲೆ ಇಲ್ಲಿಯದು, ಅವಳನ್ನು ಬಲ್ಲ ಆಶಾ ಕಾರ್ಯಕರ್ತೆ ಇಲ್ಲಿಯವರು. ಆಚೆ ಹೋದ ಕೂಡಲೇ ಅವಳು ಯಾರ ಪಟ್ಟಿಯಲ್ಲೂ ಇಲ್ಲದವಳಾಗುತ್ತಾಳೆ. ಇಲ್ಲಿಯ ಪುಸ್ತಕದಲ್ಲಿ ‘ಊರಿಗೆ ಹೋಗಿದ್ದಾರೆ’ ಎಂದು ಬರೆಯುತ್ತಾರೆ. ಅಲ್ಲಿಯ ಪುಸ್ತಕದಲ್ಲಿ ಬರೆಯಲು ಕಾಲಮೇ ಇಲ್ಲ. ಹೆತ್ತು ಮೂರು ತಿಂಗಳಿಗೆ ಮಗುವನ್ನು ಎತ್ತಿಕೊಂಡು ಬಂದಾಗ ಮಗುವಿಗೆ ಯಾವ ಲಸಿಕೆ ಆಗಿದೆ, ಯಾವುದು ಆಗಿಲ್ಲವೆಂದು ತಿಳಿಯುವುದಕ್ಕೆ ಮತ್ತೊಂದು ತಿಂಗಳು.

108 ವಾಹನದ ಸಂಗತಿಯೂ ಹಾಗೆಯೇ. ನಮ್ಮ ರಾಜ್ಯದಲ್ಲಿ ಅದು ಬಂದದ್ದು 2008ರಲ್ಲಿ. ಅದರಿಂದ ಉಳಿದ ಜೀವಗಳು ಬಹಳ. ಆದರೆ ಗಡಿಯ ಗುಡ್ಡದ ಮೇಲೆ ನಿಂತು ಕರೆ ಮಾಡಿದವನ ಫೋನು ಆಚೆಯ ಗೋಪುರ ಹಿಡಿದರೆ ಕರೆ ಆಚೆಯ ರಾಜ್ಯಕ್ಕೆ ಹೋಗಬಹುದು. ಅವರು ಮಲಯಾಳದಲ್ಲಿ ಊರು ಕೇಳುತ್ತಾರೆ, ಇವನು ತುಳುವಿನಲ್ಲಿ ಹೇಳುತ್ತಾನೆ. ಅಂಥ ಹೊತ್ತಿನಲ್ಲಿ ಪಕ್ಕದ ಮನೆಯ ಜೀಪೇ ಆಂಬುಲೆನ್ಸು.

ಚಿಕಿತ್ಸೆಯ ಕಾರ್ಡಿನ ವಿಷಯ ಇನ್ನೂ ತೊಡಕಿನದು. 2018ರಲ್ಲಿ ಆರೋಗ್ಯ ಕರ್ನಾಟಕ ಬಂತು. ಅದೇ ವರ್ಷ ಆಯುಷ್ಮಾನ್ ಭಾರತದೊಂದಿಗೆ ಕೂಡಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯೆಂದರು. ತುರ್ತಿನ ಹೊರತು, ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೆಂದರು. ಖಾಸಗಿಯವರ ಕೊಳ್ಳೆಗೆ ತಡೆಯಾಗಿ ಈ ನಿಯಮ ಬೇಕು, ನಾನು ಒಪ್ಪುತ್ತೇನೆ. ಆದರೆ ಆ ಪತ್ರಕ್ಕಾಗಿ ಕೂಲಿ ಬಿಟ್ಟು ಒಂದು ದಿನ ಒಂದು ದಿಕ್ಕಿಗೆ, ಚಿಕಿತ್ಸೆಗಾಗಿ ಇನ್ನೊಂದು ದಿನ ಇನ್ನೊಂದು ದಿಕ್ಕಿಗೆ ಹೋಗಬೇಕಾದ ಅಂಚಿನ ಊರಿನವನನ್ನು ನಿಯಮ ಮಾಡುವವರು ನೆನೆಯಲಿಲ್ಲ. ಇನ್ನು ರಾಜ್ಯದ ಗೆರೆ ದಾಟಿದರೆ, ಕೇಂದ್ರದ ಪಟ್ಟಿಯಲ್ಲಿದ್ದವರಿಗೆ ದೇಶದ ಎಲ್ಲೆಡೆ ಕಾರ್ಡು ನಡೆಯಬೇಕೆಂದು ನಿಯಮ. ರಾಜ್ಯ ತನ್ನ ದುಡ್ಡಿನಿಂದ ಸೇರಿಸಿಕೊಂಡವರಿಗೆ ಹಾಗಲ್ಲ. ಒಂದೇ ಬಣ್ಣದ ಎರಡು ಕಾರ್ಡುಗಳಲ್ಲಿ ಯಾವುದು ದಾಟುತ್ತದೆ, ಯಾವುದು ದಾಟುವುದಿಲ್ಲವೆಂದು ಬೀಡಿ ಕಟ್ಟುವ ಹೆಂಗಸು ಆಸ್ಪತ್ರೆಯ ಕೌಂಟರಿನಲ್ಲಿ ನಿಂತು ಕಲಿಯಬೇಕೇ?

ಗೆರೆ ಎಷ್ಟು ಅನ್ಯಾಯ ಮಾಡಬಲ್ಲುದೆಂಬುದಕ್ಕೆ ಎಂಡೋಸಲ್ಫಾನಿನ ಕಥೆಗಿಂತ ದೊಡ್ಡ ಉದಾಹರಣೆ ಬೇಡ. ಆಚೆ ಕಾಸರಗೋಡಿನಲ್ಲಿ ಕೇರಳದ ಪ್ಲಾಂಟೇಷನ್ ಕಾರ್ಪೊರೇಷನ್ನಿನವರು, ಈಚೆ ನಮ್ಮ ಜಿಲ್ಲೆಯಲ್ಲಿ ಕರ್ನಾಟಕದ ಗೇರು ಅಭಿವೃದ್ಧಿ ನಿಗಮದವರು, ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಒಂದೇ ವಿಷವನ್ನು 2000ದ ವರೆಗೆ ವರ್ಷಗಟ್ಟಲೆ ಸುರಿದರು. ಎರಡೂ ಸರಕಾರದವೇ ಸಂಸ್ಥೆಗಳು. ಎಣ್ಮಕಜೆಯ ಪಡ್ರೆಯಲ್ಲಿ ಮಕ್ಕಳು ಹೇಗೆ ಹುಟ್ಟಿದರೋ ಬೆಳ್ತಂಗಡಿಯ ಕೊಕ್ಕಡದಲ್ಲೂ ಹಾಗೆಯೇ ಹುಟ್ಟಿದರು. ಪುತ್ತೂರು, ಸುಳ್ಯ, ಕಡಬದ ಗ್ರಾಮಗಳಲ್ಲೂ ಅಂಥವರಿದ್ದಾರೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೇ ನಿಲ್ಲಿಸಿತು. 2017ರ ಜನವರಿ 10ರಂದು, ಪೀಡಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳಕ್ಕೆ ಆಜ್ಞೆ ಮಾಡಿತು. ಅಲ್ಲಿಯೂ ಆ ಹಣ ಕೈಗೆ ಬರಬೇಕಾದರೆ ಪೀಡಿತರು ಮತ್ತೆ ಮತ್ತೆ ಬೀದಿಗೆ, ಕೋರ್ಟಿಗೆ ಹೋಗಬೇಕಾಯಿತು. ನಮ್ಮ ಕಡೆ ಮಾಸಾಶನ ಬಂತು, ಕೊಕ್ಕಡದಲ್ಲೂ ಕಡಬದ ಕೊಯಿಲದಲ್ಲೂ ಪಾಲನಾ ಕೇಂದ್ರಗಳು ಬಂದುವು. ಆದರೆ ಆಚೆಯವರಷ್ಟೇ ನಮಗೂ ಕೊಡಿ ಎಂದು ನಮ್ಮ ತಾಯಂದಿರು ಹಾಸಿಗೆ ಹಿಡಿದ ಮಕ್ಕಳನ್ನು ಇಟ್ಟುಕೊಂಡು ಹೋರಾಡಬೇಕಾಯಿತು.

ಆಚೆಯಲ್ಲೂ ಗೆರೆಯೇ. ಕಾಸರಗೋಡಿನಲ್ಲಿ 11 ಪಂಚಾಯತುಗಳನ್ನು ಪೀಡಿತವೆಂದು ಪಟ್ಟಿ ಮಾಡಿದರು. ಗಾಳಿ ಪಂಚಾಯತಿನ ನಕ್ಷೆ ನೋಡಿ ಬೀಸುವುದಿಲ್ಲ. ವಿಷ ಸುರಿಯುವಾಗ ಗಡಿ ನೋಡದವರು ಮದ್ದು ಕೊಡುವಾಗ ಮಾತ್ರ ಗಡಿ ನೋಡುವುದು ಯಾವ ನ್ಯಾಯ?

ಇದಕ್ಕೆ ಅಧಿಕಾರಿಗಳು ಒಂದು ಉತ್ತರ ಕೊಡುತ್ತಾರೆ. ಆಸ್ಪತ್ರೆ, ಸಾರ್ವಜನಿಕ ಆರೋಗ್ಯ ಇವು ಸಂವಿಧಾನದ ಪ್ರಕಾರ ರಾಜ್ಯದ ಪಟ್ಟಿಗೆ ಸೇರಿದ ವಿಷಯಗಳು. ಒಂದು ರಾಜ್ಯದ ತೆರಿಗೆಯ ಹಣದಿಂದ ಇನ್ನೊಂದು ರಾಜ್ಯದವನಿಗೆ ಚಿಕಿತ್ಸೆ ಕೊಡುವುದು ಹೇಗೆ ಎನ್ನುತ್ತಾರೆ. ಇದು ಲೆಕ್ಕದ ಪ್ರಶ್ನೆ. ಲೆಕ್ಕವನ್ನು ಸರಕಾರಗಳು ತಮ್ಮೊಳಗೆ ತೀರಿಸಿಕೊಳ್ಳಲಿ. ರೋಗಿಯ ಮಂಚದ ಹತ್ತಿರ ಕೂತು ತೀರಿಸುವುದು ಬೇಡ. ಮಂಗಳೂರು–ಕಾಸರಗೋಡು ರಸ್ತೆಯಲ್ಲಿ ಎರಡೂ ರಾಜ್ಯಗಳ ಸರಕಾರಿ ಬಸ್ಸುಗಳು ಒಪ್ಪಂದದ ಮೇಲೆ ಓಡುತ್ತವೆ. ಯಾರು ಎಷ್ಟು ಓಡಿಸಬೇಕೆಂದು ಕೂತು ಗೊತ್ತುಮಾಡಿಕೊಂಡಿದ್ದಾರೆ. ತಲಪಾಡಿಯಲ್ಲಿ ಯಾರನ್ನೂ ಇಳಿಸಿ, ನೀನು ಯಾವ ರಾಜ್ಯದವನೆಂದು ಕೇಳಿ ಬೇರೆ ಬಸ್ಸಿಗೆ ಹತ್ತಿಸುವುದಿಲ್ಲ. ಬಸ್ಸಿಗೆ ಸಾಧ್ಯವಾದದ್ದು ಆಸ್ಪತ್ರೆಗೆ ಏಕೆ ಸಾಧ್ಯವಾಗಬಾರದು?

ಕಾನೂನು ನಮ್ಮ ಕಡೆ ಇದೆ. ಅಪಾಯದಲ್ಲಿದ್ದವನಿಗೆ ಚಿಕಿತ್ಸೆ ಕೊಡುವುದು ಸರಕಾರಿ ಇರಲಿ ಖಾಸಗಿ ಇರಲಿ ಪ್ರತಿಯೊಬ್ಬ ವೈದ್ಯನ ಕರ್ತವ್ಯವೆಂದು 1989ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 1996ರ ಇನ್ನೊಂದು ತೀರ್ಪು ನಮಗೆ ಇನ್ನೂ ಹತ್ತಿರದ್ದು. ಪಶ್ಚಿಮ ಬಂಗಾಳದ ಹೊಲಗೂಲಿಗಳ ಸಂಘದ ಸದಸ್ಯನೊಬ್ಬ ರೈಲಿನಿಂದ ಬಿದ್ದು ತಲೆ ಒಡೆದುಕೊಂಡಾಗ ಕಲ್ಕತ್ತದ ಸರಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು ಹಾಸಿಗೆಯಿಲ್ಲ, ಸಲಕರಣೆಯಿಲ್ಲ ಎಂದು ಅವನನ್ನು ಕಳುಹಿಸಿದುವು. ಸಂಘ ಕೋರ್ಟಿಗೆ ಹೋಯಿತು. ಸಕಾಲದಲ್ಲಿ ಚಿಕಿತ್ಸೆ ಕೊಡದಿರುವುದು ಜೀವದ ಹಕ್ಕಿನ ಉಲ್ಲಂಘನೆ, ಹಣವಿಲ್ಲವೆಂಬುದು ಸರಕಾರಕ್ಕೆ ನೆಪವಾಗಲಾರದೆಂದು ಕೋರ್ಟು ತೀರ್ಪಿತ್ತಿತು. ಕೂಲಿಗಳ ಒಂದು ಸಂಘ ದೇಶಕ್ಕೆಲ್ಲ ಈ ತೀರ್ಪನ್ನು ಗಳಿಸಿಕೊಟ್ಟಿತೆಂಬುದನ್ನು ನೀವು ಮರೆಯಬಾರದು.

ಹಾಗಾದರೆ ನಮ್ಮ ಬೇಡಿಕೆಯೇನು? ದೊಡ್ಡ ಮಾತು ಬೇಡ. ಆಗಬಹುದಾದದ್ದನ್ನೇ ಕೇಳೋಣ.

ಒಂದನೆಯದು: ಯಾವ ಸರಕಾರಿ ಆಸ್ಪತ್ರೆಯಲ್ಲೂ ಮೊದಲು ರೋಗಿಯನ್ನು ನೋಡಬೇಕು, ಆಮೇಲೆ ವಿಳಾಸ ಬರೆಯಬೇಕು. ಇದನ್ನು ಚೀಟಿ ಕೊಡುವಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಹಾಕಬೇಕು.

ಎರಡನೆಯದು: ಅಂಚಿನ ಆರೋಗ್ಯ ಕೇಂದ್ರಕ್ಕೆ ಮದ್ದು, ಸಿಬ್ಬಂದಿ ಹಂಚುವಾಗ ಗ್ರಾಮದ ಜನಸಂಖ್ಯೆಯ ಜೊತೆಗೆ ನಿಜವಾಗಿ ಬಾಗಿಲಿಗೆ ಬಂದವರ ಸಂಖ್ಯೆಯನ್ನೂ ಹಿಡಿಯಬೇಕು. ಹೊರರೋಗಿಗಳ ಪುಸ್ತಕ ಅಲ್ಲೇ ಇದೆ. ಅದನ್ನು ಓದಿದರೆ ಸಾಕು.

ಮೂರನೆಯದು: ಅಂಚಿನ ಕೇಂದ್ರಗಳಲ್ಲಿ ಹಾವಿನ ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದು ಯಾವಾಗಲೂ ಇರಬೇಕು, ಅದನ್ನು ರಾತ್ರಿ ಕೊಡಬಲ್ಲವರೂ ಇರಬೇಕು. 2024ರಲ್ಲಿ ಕರ್ನಾಟಕ ಸರಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಸಂಗತಿಯೆಂದು ಘೋಷಿಸಿತು. ವರದಿ ಮಾಡಲಿ, ಒಳ್ಳೆಯದೇ. ಅಡಿಕೆ ತೋಟದಲ್ಲಿ ಹುಲ್ಲು ಕೊಯ್ಯುವವನಿಗೂ ಬೆಳಗ್ಗೆ ಕತ್ತಲಲ್ಲಿ ರಬ್ಬರು ಹಾಲು ತೆಗೆಯುವ ನಿಗಮದ ಕೂಲಿಗೂ ವರದಿಗಿಂತ ಮೊದಲು ಮದ್ದು ಬೇಕು.

ನಾಲ್ಕನೆಯದು: ದಕ್ಷಿಣ ಕನ್ನಡ, ಕಾಸರಗೋಡು ಜಿಲ್ಲಾಡಳಿತಗಳ ನಡುವೆ, ಹಾಗೆಯೇ ಕೊಡಗಿನೊಂದಿಗೆ, ಲಿಖಿತವಾದ ಒಂದು ಶಾಶ್ವತ ಒಪ್ಪಂದ ಇರಬೇಕು. ಎಂಥ ಸಾಂಕ್ರಾಮಿಕ ಬರಲಿ, ಎಂಥ ಬಂದೋಬಸ್ತು ಇರಲಿ, ರೋಗಿಯನ್ನೂ ಆಂಬುಲೆನ್ಸನ್ನೂ ತಡೆಯತಕ್ಕದ್ದಲ್ಲ. ಯಾವ ದಾರಿಯಲ್ಲಿ, ಯಾವ ತಪಾಸಣೆಯ ಮೇಲೆ, ಯಾವ ಆಸ್ಪತ್ರೆಗೆ ಎಂಬುದನ್ನು ಇಂದೇ ಗೊತ್ತುಮಾಡಿಡಬೇಕು. ತಾಯಿ ಕಾರ್ಡು, ಲಸಿಕೆಯ ದಾಖಲೆ, ಚಿಕಿತ್ಸೆಯ ಕಾರ್ಡು ಗಡಿಯ ಎರಡೂ ಕಡೆ ನಡೆಯಬೇಕು. ಇದು ಆಚೆಯವರಿಗೆ ಮಾಡುವ ಉಪಕಾರವಲ್ಲ. ಉಕ್ಕಿನಡ್ಕದ ಆಸ್ಪತ್ರೆ ಪೂರ್ಣವಾಗಿ ಬೆಳೆದರೆ ಪಾಣಾಜೆಯವನಿಗೆ ಮಂಗಳೂರಿಗಿಂತ ಅದೇ ಎಷ್ಟೋ ಹತ್ತಿರ. ಅಂದು ಗೆರೆ ದಾಟಬೇಕಾದವರು ನಾವು.

ಐದನೆಯದು: ಎಂಡೋಸಲ್ಫಾನ್ ಪೀಡಿತರಿಗೆ ಎರಡೂ ಕಡೆ ಒಂದೇ ಅಳತೆಯ ಪರಿಹಾರ, ಹತ್ತಿರದ ಆಸ್ಪತ್ರೆಯಲ್ಲಿ ಚಿಕಿತ್ಸೆ.

ಇದನ್ನು ಕೇಳುವುದಕ್ಕೆ ಮೊದಲು ನಾವು ಮಾಡಬೇಕಾದ ಕೆಲಸವೊಂದಿದೆ. ಅರ್ಜಿಯಲ್ಲಿ ‘ಗಡಿಯ ಜನಕ್ಕೆ ತೊಂದರೆಯಾಗಿದೆ’ ಎಂದು ಬರೆದರೆ ಅದು ಕಡತದೊಳಗೆ ಮಲಗುತ್ತದೆ. ಎಷ್ಟು ಮನೆ, ಎಷ್ಟು ದೂರ, ಯಾವ ಹೊಳೆ ಎಂದು ಬರೆದರೆ ಅಧಿಕಾರಿ ಉತ್ತರ ಕೊಡಲೇಬೇಕಾಗುತ್ತದೆ. ಆದ್ದರಿಂದ ಪ್ರತಿಯೊಬ್ಬ ಕಾರ್ಯಕರ್ತನೂ ಒಂದು ನೋಟುಪುಸ್ತಕ ಇಟ್ಟುಕೊಳ್ಳಬೇಕೆಂದು ನನ್ನ ಸೂಚನೆ. ತನ್ನ ಅಂಚಿನ ವಾರ್ಡಿನ ಮನೆಗಳಿಗೆ ಹೋಗಿ ಐದೇ ಸಂಗತಿ ಬರೆಯಲಿ. ಹತ್ತಿರದ ವೈದ್ಯರು ಎಲ್ಲಿ? ಸರಕಾರದ ಪ್ರಕಾರ ಆ ಮನೆಗೆ ಗೊತ್ತಾದ ಆಸ್ಪತ್ರೆ ಎಲ್ಲಿ? ಎರಡಕ್ಕೂ ಮಳೆಗಾಲದಲ್ಲಿ ಹೋಗುವ ದಾರಿ ಯಾವುದು, ಎಷ್ಟು ಹೊತ್ತು ಬೇಕು? ಮನೆಯಲ್ಲಿರುವ ಕಾರ್ಡು ಯಾವುದು? ಕಳೆದ ಮೂರು ವರ್ಷದಲ್ಲಿ ಗಡಿಯ ಕಾರಣಕ್ಕೆ ಚಿಕಿತ್ಸೆ ತಡವಾದದ್ದು, ತಪ್ಪಿದ್ದು ಉಂಟೇ? ರೋಗಿಗಳ ಹೆಸರು ಬೇಡ. ಒಬ್ಬರ ಕಾಯಿಲೆ ಊರಿಗೆಲ್ಲ ಗೊತ್ತಾಗುವುದು ಸರಿಯಲ್ಲ. ಮನೆಗೆ ಒಂದು ಸಂಖ್ಯೆ ಕೊಟ್ಟರೆ ಸಾಕು. ಗೆರೆಯ ಆಚೆ ನಮ್ಮ ನೆಂಟರಿದ್ದಾರೆ, ಸ್ನೇಹಿತರಿದ್ದಾರೆ. ಅವರೂ ಇದೇ ಪುಸ್ತಕ ಇಡಲಿ.

ಮಳೆ ಹಿಡಿಯುವ ಮೊದಲು ಈ ಕೆಲಸ ಮುಗಿಯಬೇಕು. ಪುಸ್ತಕಗಳನ್ನೆಲ್ಲ ಒಟ್ಟುಮಾಡಿ, ಎರಡೂ ಜಿಲ್ಲೆಯ ಅಧಿಕಾರಿಗಳ ಮುಂದೆ ಒಂದೇ ದಿನ ಇಡೋಣ. 2018ರಲ್ಲಿ ಗೆರೆಯನ್ನು ಮರೆತು ಗಂಜಿ ಬಡಿಸಿದವರು ನಾವೇ. 2020ರಲ್ಲಿ ನಮ್ಮ ಹೆಸರಿನಲ್ಲಿ ಗೆರೆಗೆ ಮಣ್ಣು ಸುರಿದದ್ದೂ ಆಯಿತು. ಮುಂದಿನ ಸಲ ಏನಾಗಬೇಕೆಂಬುದನ್ನು ಮುಂದಿನ ಸಲ ಬಂದಾಗ ಯೋಚಿಸುವುದಲ್ಲ. ಪುಸ್ತಕ ಪೆನ್ಸಿಲು ಹೊರಗೆ ಮೇಜಿನ ಮೇಲಿದೆ. ಹೋಗುವಾಗ ತೆಗೆದುಕೊಂಡು ಹೋಗಿ.